ಹದ್ದಿಗೊಂದು ಕಾಯಿದೆ, ಆಳಿಗೊಂದು ಸೂಜಿ

ರಾಮನಗರದ ರಾಮದೇವರ ಬೆಟ್ಟವನ್ನು ಬೆಂಗಳೂರಿನ ಜನ ಎರಡು ಕಾರಣಕ್ಕೆ ಬಲ್ಲರು. ಒಂದು, 1975ರಲ್ಲಿ ತೆರೆಗೆ ಬಂದ 'ಶೋಲೆ' ಸಿನಿಮಾದ ಗಬ್ಬರ್‌ಸಿಂಗ ಆ ಬಂಡೆಗಳ ಮೇಲೆ ಕೂತು ಕೇಕೆ ಹಾಕಿದ್ದು. ಇನ್ನೊಂದು, ಅಲ್ಲಿರುವ ರಣಹದ್ದು. ಬಂಡೆಯ ಸಂದಿಯಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ಹದ್ದುಗಳಿಗಾಗಿ 2012ರಲ್ಲಿ ಸರ್ಕಾರ ಆ ಬೆಟ್ಟವನ್ನು ರಣಹದ್ದು ಧಾಮ ಅಂತ ಘೋಷಿಸಿತು. ಒಳ್ಳೇದೇ ಆಯಿತು. ಹದ್ದಿನ ಮೇಲೆ ನನಗೆ ಹಗೆ ಇಲ್ಲ. ಸತ್ತ ದನವನ್ನು ಊರಾಚೆಗೆ ಎಳೆದು ಚರ್ಮ ಸುಲಿಯುತ್ತಿದ್ದ ನಮ್ಮ ಮುತ್ತಾತನೂ, ಅವನ ತಲೆ ಮೇಲೆ ಸುತ್ತು ಹೊಡೆಯುತ್ತಿದ್ದ ಆ ಹದ್ದೂ ಒಂದೇ ಪಂಕ್ತಿಯಲ್ಲಿ ಉಂಡವರು. ಊರಿನವರು ಇಬ್ಬರನ್ನು ಕಂಡಾಗಲೂ ಮೂಗು ಮುಚ್ಚಿಕೊಂಡವರೇ.

ಈ ಹದ್ದುಗಳು ದೇಶದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ನಾಶವಾದವು. ಯಾಕೆ ಸತ್ತವು ಅಂತ ವಿಜ್ಞಾನಿಗಳು ಹುಡುಕಿದಾಗ 2004ರಲ್ಲಿ ಕೈಗೆ ಸಿಕ್ಕಿದ್ದು ಒಂದು ನೋವಿನ ಔಷಧಿ, ಡೈಕ್ಲೊಫೆನಾಕ್. ಕುಂಟುವ ಎತ್ತಿಗೆ, ಕೆಚ್ಚಲು ಬಾತ ಹಸುವಿಗೆ ಅದನ್ನು ಚುಚ್ಚುತ್ತಿದ್ದರು. ಅಂಥ ದನ ಸತ್ತಾಗ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು, ಅದು ಕತ್ತು ಇಳಿಬಿಟ್ಟು ಸಾಯುತ್ತಿತ್ತು. 2006ರಲ್ಲಿ ದನಕ್ಕೆ ಡೈಕ್ಲೊಫೆನಾಕ್ ಕೊಡಕೂಡದು ಅಂತ ಕೇಂದ್ರ ಸರ್ಕಾರ ತಡೆ ಹಾಕಿತು. 2023ರಲ್ಲಿ ಅಸಿಕ್ಲೊಫೆನಾಕ್, ಕೀಟೊಪ್ರೊಫೆನ್ ಎಂಬ ಇನ್ನೆರಡಕ್ಕೂ ಪಶುವೈದ್ಯದಲ್ಲಿ ತಡೆ ಬಂತು.

ಈಗ ಬೆಟ್ಟ ಇಳಿದು ಬನ್ನಿ. ಹೊತ್ತು ಮುಳುಗಿದ ಮೇಲೆ ಕನಕಪುರದ ಕಡೆಯ ಯಾವುದಾದರೂ ಹೋಬಳಿ ಊರಿನಲ್ಲಿ ಆರ್‌ಎಂಪಿ ಡಾಕ್ಟರ ಅಂಗಡಿ ಮುಂದೆ ಅರ್ಧ ಗಂಟೆ ನಿಲ್ಲಿ. ಕಲ್ಲು ಕ್ವಾರಿಯಿಂದ ಬಂದವನು, ಹಿಪ್ಪುನೇರಳೆ ಸೊಪ್ಪು ಹೊತ್ತು ಬಂದವಳು, ಜಲ್ಲಿ ಕ್ರಷರಿನ ದೂಳು ರೆಪ್ಪೆಯ ಮೇಲೆ ಹಾಗೇ ಇರುವ ಹುಡುಗ, ಎಲ್ಲರದೂ ಒಂದೇ ಮಾತು: "ಒಂದು ಸೂಜಿ ಹಾಕಿ ಸಾರ್, ನಾಳೆ ಕೆಲ್ಸಕ್ಕೋಗ್ಬೇಕು." ಸೂಜಿಯೊಳಗೆ ಏನಿದೆ ಅಂತ ಕೇಳುವವರಿಲ್ಲ, ಹೇಳುವವರೂ ಇಲ್ಲ. ಅದರೊಳಗೆ ಇರುವುದು ಬಹಳ ಸಲ ಅದೇ ಡೈಕ್ಲೊಫೆನಾಕ್, ಜೊತೆಗೊಂದಿಷ್ಟು ಸ್ಟೀರಾಯ್ಡು. ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕತ್ತರಿಸಿ ಕೊಡುವ ಗುಳಿಗೆಪಟ್ಟಿಯಲ್ಲಿ ಇರುವುದು ಅದೇ ಅಸಿಕ್ಲೊಫೆನಾಕ್. ನಾಲ್ಕು ದಿನದ ಉಳುಕಿಗೆ, ಬಾವಿಗೆ ಈ ಔಷಧಿಗಳು ತಪ್ಪಲ್ಲ. ಮನುಷ್ಯನಿಗೆ ಇವನ್ನು ನಿಷೇಧಿಸಿ ಅಂತ ನಾನು ಹೇಳುತ್ತಿಲ್ಲ. ಆದರೆ ಖಾಲಿ ಹೊಟ್ಟೆಯಲ್ಲಿ, ನೀರು ಕುಡಿಯದೆ, ಬಿಸಿಲಲ್ಲಿ ದುಡಿಯುವ ಮೈಗೆ ವರ್ಷಾನುಗಟ್ಟಲೆ ದಿನಾ ಇದೇ ಬಿದ್ದರೆ ಹೊಟ್ಟೆ ಹುಣ್ಣಾಗಿ ರಕ್ತ ಬರುತ್ತದೆ, ಮೂತ್ರಪಿಂಡ ಸೋಲುತ್ತದೆ. ಹದ್ದು ಯಾವ ಅಂಗ ಕೆಟ್ಟು ಸತ್ತಿತೋ ಅದೇ ಅಂಗ. ಹದ್ದಿನ ಪರವಾಗಿ ಕಾಯಿದೆ ಬಂತು, ಧಾಮ ಬಂತು, ಎಣಿಕೆಗೆ ಜನ ಬಂದರು. ಕ್ವಾರಿ ಆಳುಗಳಲ್ಲಿ ಎಷ್ಟು ಜನರ ಮೂತ್ರಪಿಂಡ ಹೋಗಿದೆ ಅಂತ ಎಣಿಸಲು ಯಾರು ಬಂದರು?

ನಾನು ಈ ಲೇಖನ ಬರೆಯುತ್ತಿರುವುದು ನೋವಿನ ಬಗ್ಗೆ. ಪದ್ಯದ ನೋವಲ್ಲ, ಮೈ ನೋವು. ನಮ್ಮ ಚಳವಳಿಯ ಕವಿಗಳು ನೋವು ಅನ್ನುವ ಪದವನ್ನು ಬಳಸಿದಷ್ಟು ಇನ್ಯಾವ ಪದವನ್ನೂ ಬಳಸಿಲ್ಲ. ಶತಮಾನದ ನೋವು, ಮೂಕ ನೋವು, ಒಡಲ ನೋವು. ಓದುತ್ತಾ ಹೋದರೆ ನೋವು ಅನ್ನುವುದು ಒಂದು ಬಾವುಟದ ಹೆಸರೇನೋ ಅನ್ನಿಸಬೇಕು. ಆದರೆ ಸೊಂಟದ ನೋವಿನ ಬಗ್ಗೆ ಒಂದು ಪದ್ಯ ತೋರಿಸಿ ನೋಡೋಣ. ಗರ್ಭಕೋಶದ ಕ್ಯಾನ್ಸರಿನಲ್ಲಿ ನಡುರಾತ್ರಿ ಗೋಡೆಗೆ ತಲೆ ಚಚ್ಚಿಕೊಳ್ಳುವ ಹೆಂಗಸಿನ ಬಗ್ಗೆ ಒಂದು ಕರಪತ್ರ? ಮೈಯಿಗೆ ಬರುವ ನೋವನ್ನು ನಾವು ಡಾಕ್ಟರಿಗೂ ದೇವರಿಗೂ ಬಿಟ್ಟುಕೊಟ್ಟಿದ್ದೇವೆ. ಅವರಿಬ್ಬರೂ ಅದನ್ನು ನಮಗೇ ಹಿಂದಿರುಗಿಸಿದ್ದಾರೆ, ಒಂದೇ ಒಂದು ಪದದ ಜೊತೆ: ತಡ್ಕೊ.

ಈ 'ತಡ್ಕೊ' ಅನ್ನುವ ಪದವನ್ನು ಸ್ವಲ್ಪ ಹಿಡಿದು ನೋಡಬೇಕು. ಜೀತದಾಳಿನ ಬೆನ್ನಿಗೆ ಬಾರುಕೋಲು ಬಿದ್ದಾಗ ಅವನ ಅವ್ವ ಹೇಳಿದ್ದು ತಡ್ಕೊ. ಹೆರಿಗೆ ನೋವಿಗೆ ಕಿರುಚಿದರೆ ಆಸ್ಪತ್ರೆಯ ಆಯಾ ಗದರುವುದು ತಡ್ಕೊ. ಪೂರ್ವಜನ್ಮದ ಕರ್ಮ ಸವೆಯಬೇಕು ಅಂತ ಪುರಾಣ ಹೇಳುವವನ ತಾತ್ಪರ್ಯವೂ ತಡ್ಕೊ. ಸಾವಿರ ವರ್ಷ ತಡೆದುಕೊಂಡವರ ಮೈ ಮೇಲೆ ಒಂದು ನಂಬಿಕೆ ಬೆಳೆದಿದೆ: ಇವರಿಗೆ ನೋವು ಕಡಿಮೆ ಆಗುತ್ತೆ, ಗಟ್ಟಿ ಮೈ, ದುಡಿದ ಮೈ. ಇದು ಬರೀ ಹಳ್ಳಿ ಗೌಡರ ಮಾತಲ್ಲ. ಅಮೆರಿಕದಲ್ಲಿ ಕರಿಯರಿಗೆ ಬಿಳಿಯರಿಗಿಂತ ಕಡಿಮೆ ನೋವಿನ ಔಷಧಿ ಬರೆಯುತ್ತಾರೆ ಅಂತ ಅಲ್ಲಿನ ಸಂಶೋಧನೆಗಳೇ ಮತ್ತೆ ಮತ್ತೆ ತೋರಿಸಿವೆ. ಬಣ್ಣವಿದ್ದ ಕಡೆ ಬಣ್ಣ, ಜಾತಿಯಿದ್ದ ಕಡೆ ಜಾತಿ.

ನಮ್ಮ ದೊಡ್ಡವ್ವ ಮಾಗಡಿ ಕಡೆಯವಳು. ಹಸಿವು ಮರೆಯಲು ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕುತ್ತಿದ್ದಳು, ನಮ್ಮ ಕೇರಿಯ ಹೆಂಗಸರೆಲ್ಲ ಹಾಕುವ ಹಾಗೆ. ಬಾಯಿ ಹುಣ್ಣಾಯಿತು, ದವಡೆಗೆ ಇಳಿಯಿತು. ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಯಲ್ಲಿ ತಡವಾಗಿ ಬಂದಿದ್ದೀರಿ, ಮನೆಗೆ ಕರೆದುಕೊಂಡು ಹೋಗಿ ಅಂದರು. ಮನೆಗೆ ಕರೆದುಕೊಂಡು ಬಂದು ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಹತ್ತಿರದ ಊರಿನ ಡಾಕ್ಟರು ಪ್ಯಾರಾಸಿಟಮಾಲ್ ಕೊಟ್ಟರು. ಮಾರ್ಫಿನ್ ಗುಳಿಗೆ ಅಂತ ಒಂದು ಇದೆಯಂತಲ್ಲ ಸಾರ್ ಅಂತ ನಾನು ಕೇಳಿದೆ. "ಅದನ್ನ ಬರೆದ್ರೆ ನನ್ನ ಮೇಲೆ ಕೇಸಾಗುತ್ತೆ ಕಣಯ್ಯಾ. ಅದು ಅಫೀಮು. ನಿಮ್ಮ ದೊಡ್ಡಮ್ಮನಿಗೆ ಚಟ ಹಿಡೀತದೆ" ಅಂದರು. ಇನ್ನು ಎರಡು ತಿಂಗಳು ಬದುಕುವ ಅರವತ್ತು ವರ್ಷದ ಮುದುಕಿಗೆ ಚಟ ಹಿಡಿಯುತ್ತದೆ ಅನ್ನುವ ಚಿಂತೆ! ರಾತ್ರಿ ಹೊತ್ತು ದೊಡ್ಡವ್ವ ಕೊಟ್ಟಿಗೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಕೂರುತ್ತಿದ್ದಳು, ಮೊಮ್ಮಕ್ಕಳು ಎದ್ದಾವು ಅಂತ.

ಕೊನೆಗೆ ಬೆಂಗಳೂರಿನ ಗೆಳೆಯನೊಬ್ಬನ ದೆಸೆಯಿಂದ ನೋವಿನ ವೈದ್ಯ ಕಲಿತ ಡಾಕ್ಟರೊಬ್ಬರು ಸಿಕ್ಕರು, ಕಾನೂನು ಪ್ರಕಾರವೇ ಮಾರ್ಫಿನ್ ಕೊಟ್ಟರು. 10 ಮಿಲಿಗ್ರಾಮಿನ ಗುಳಿಗೆ, ನಾಲ್ಕು ಗಂಟೆಗೊಂದು, ಜೊತೆಗೆ ಮಲ ಕಟ್ಟದ ಹಾಗೆ ಒಂದು ಔಷಧಿ. ಮೊದಲ ರಾತ್ರಿ ನಿದ್ದೆ ಮಾಡಿದಳು. ಮೂರನೆಯ ದಿನ ಬಾಗಿಲಲ್ಲಿ ಕೂತು ತೊದಲುತ್ತಾ ಸೊಸೆಯನ್ನು ಬೈದಳು: "ಮೇಕೆ ಸೊಪ್ಪೆಲ್ಲಾ ಮೇಯ್ತಾ ಐತೆ, ಕಣ್ ಕಾಣಾಕಿಲ್ವಾ?" ಮನೆಯವರೆಲ್ಲ ನಕ್ಕರು. ಬೈಯುವಷ್ಟು ಬದುಕು ಅವಳಿಗೆ ವಾಪಸ್ಸು ಬಂದಿತ್ತು. ಹನ್ನೊಂದು ದಿನ. ಅಷ್ಟು ದಿನಕ್ಕೆ ತಗುಲಿದ ಗುಳಿಗೆಯ ಖರ್ಚು ಅವಳ ಮಣ್ಣಿಗೆ ತಂದ ಹೂವಿನ ಖರ್ಚಿಗಿಂತ ಕಡಿಮೆ.

ಹನ್ನೊಂದು ದಿನ ಸಿಕ್ಕಿದ್ದು ನಾಲ್ಕು ತಿಂಗಳು ಯಾಕೆ ಸಿಗಲಿಲ್ಲ? ಇದಕ್ಕೆ ಉತ್ತರ ಕಾನೂನಿನ ಪುಸ್ತಕದಲ್ಲಿದೆ.

1985ರಲ್ಲಿ ಮಾದಕವಸ್ತು ಕಾಯಿದೆ ಬಂತು, ಎನ್‌ಡಿಪಿಎಸ್ ಅಂತ ಕರೆಯುವುದು ಅದನ್ನೇ. ಕಳ್ಳಸಾಗಣೆ ಮಾಡುವವನನ್ನು ಹಿಡಿಯುವುದಕ್ಕೆ ಅಂತ ತಂದದ್ದು. ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಸಜೆ ಇಟ್ಟರು. ವಸ್ತುವಿನ ಪ್ರಮಾಣ ನೋಡಿ ಸಜೆ ಅಂತ ತಿದ್ದಿದ್ದು 2001ರಲ್ಲಿ. ಈ ನಡುವೆ ಒಂದು ಆಸ್ಪತ್ರೆ ಸ್ವಲ್ಪ ಮಾರ್ಫಿನ್ ತರಿಸಬೇಕಾದರೆ ನಾಲ್ಕೈದು ಲೈಸೆನ್ಸು ಬೇಕಿತ್ತು. ಅಬಕಾರಿ ಇಲಾಖೆಯದೊಂದು, ಔಷಧ ನಿಯಂತ್ರಕರದೊಂದು, ಸಾಗಿಸುವುದಕ್ಕೊಂದು, ಇಟ್ಟುಕೊಳ್ಳುವುದಕ್ಕೊಂದು. ನಾಲ್ಕನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿಯುತ್ತಿತ್ತು. ಯಾವ ಆಸ್ಪತ್ರೆ ಈ ತಾಪತ್ರಯ ಕಟ್ಟಿಕೊಳ್ಳುತ್ತೆ? 1985ರಿಂದ 1997ರ ಹೊತ್ತಿಗೆ ಇಡೀ ದೇಶದಲ್ಲಿ ಚಿಕಿತ್ಸೆಗೆ ಬಳಸುವ ಮಾರ್ಫಿನ್ ಶೇಕಡ 97ರಷ್ಟು ಕುಸಿದು 18 ಕಿಲೋಗೆ ಬಂದು ನಿಂತಿತು. ಅಷ್ಟು ದೊಡ್ಡ ದೇಶಕ್ಕೆ 18 ಕಿಲೋ! ಒಬ್ಬ ಆಳು ಹೆಗಲ ಮೇಲೆ ಹೊತ್ತು ನಡೆಯಬಹುದಾದ ಮೂಟೆ. ಒಂದು ತಲೆಮಾರಿನ ಡಾಕ್ಟರುಗಳು ಮಾರ್ಫಿನ್ ಬರೆಯುವುದನ್ನು ಕಲಿಯದೆಯೇ ಕಾಲೇಜು ದಾಟಿ ಬಂದರು. ನಮ್ಮ ದೊಡ್ಡವ್ವನಿಗೆ ಇಲ್ಲ ಅಂದ ಡಾಕ್ಟರು ಕೆಟ್ಟವರಲ್ಲ. ಅವರಿಗೆ ಕಲಿಸಿದ್ದು ಭಯ ಒಂದನ್ನೇ.

ತಮಾಷೆ ಏನೆಂದರೆ ಮಾರ್ಫಿನ್ ನಮ್ಮದೇ ಮಣ್ಣಿನ ಬೆಳೆ. ಗಸಗಸೆ ಗಿಡ ಎಲ್ಲರಿಗೂ ಗೊತ್ತಲ್ಲ? ಹಬ್ಬದ ದಿನ ಗಸಗಸೆ ಪಾಯಸ ಕುಡಿದು ಹಾಲಿನಲ್ಲಿ ಚಾಪೆ ಹಾಸಿ ಮಲಗುವವರಿಗೆ ಚೆನ್ನಾಗಿ ಗೊತ್ತು. (ಬೀಜದಲ್ಲಿ ಮತ್ತು ಇರುವುದಿಲ್ಲ ಅನ್ನಬಹುದು, ಪಾಯಸದ ನಿದ್ದೆಗೆ ಬೆಲ್ಲ ತುಪ್ಪವೇ ಸಾಕು.) ಆ ಗಿಡದ ಹಸಿ ಕಾಯಿಗೆ ಗೀರು ಹಾಕಿದರೆ ಒಸರುವ ಹಾಲೇ ಅಫೀಮು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಸರ್ಕಾರದ ಪರವಾನಗಿ ಪಡೆದು ಅದನ್ನು ಬೆಳೆಯುತ್ತಾರೆ. ನೀಮಚ್, ಘಾಜಿಪುರದಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ಘಾಜಿಪುರದ್ದಂತೂ 1820ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಹಾಕಿದ್ದು. ಅದೇ ಕಂಪನಿ ಅಫೀಮನ್ನು ಚೀನಾಕ್ಕೆ ತುಂಬಿ ಕಳಿಸಿ ಅಲ್ಲಿನ ಜನರನ್ನು ಹಾಳು ಮಾಡಿತು. ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಅಫೀಮು ಹಡಗು ಹತ್ತಿ ಹೊರದೇಶದ ಔಷಧಿ ಕಂಪನಿಗಳಿಗೆ ಹೋಯಿತು. ಬೆಳೆದವನ ದೇಶದಲ್ಲಿ ರೋಗಿ ಸೆರಗು ಕಚ್ಚಿ ಕೂತ.

ಪ್ರಪಂಚದ ಲೆಕ್ಕ ಬೇಕಾದರೆ ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2017ರಲ್ಲಿ ಕೊಟ್ಟಿದೆ. ವರ್ಷಕ್ಕೆ ಸರಾಸರಿ 298.5 ಟನ್ ಮಾರ್ಫಿನ್ ಜಾತಿಯ ಔಷಧಿ ಪ್ರಪಂಚದಲ್ಲಿ ಹಂಚಿಕೆಯಾಗುತ್ತಿತ್ತು. ಅದರಲ್ಲಿ ತೀರಾ ಬಡ ದೇಶಗಳಿಗೆಲ್ಲ ಸೇರಿ ಬಂದದ್ದು 0.1 ಟನ್. ಅಮೆರಿಕಕ್ಕೆ ಬೇಕಾದ್ದಕ್ಕಿಂತ ಮೂವತ್ತು ಪಟ್ಟು ಹೆಚ್ಚು. ಭಾರತಕ್ಕೆ ಬೇಕಾದ್ದರಲ್ಲಿ ಶೇಕಡ 4. ಊರ ಬಾವಿಯ ನೀರು ಹಂಚಿದ ಲೆಕ್ಕವೇ ಇದು.

ಇಲ್ಲಿಗೆ ಬಂದಾಗ ಕಾಲೇಜಿನ ಗೆಳೆಯರು ಒಂದು ವಾದ ಎತ್ತುತ್ತಾರೆ. ಅಮೆರಿಕದಲ್ಲಿ ಏನಾಯಿತು ನೋಡು, ಗುಳಿಗೆ ತಿಂದೇ ಲಕ್ಷಾಂತರ ಜನ ಸತ್ತರು, ಆ ಪಿಡುಗನ್ನು ನಮ್ಮ ಕೇರಿಗೂ ತರಬೇಕಾ? ವಾದ ಸಣ್ಣದಲ್ಲ, ಉತ್ತರ ಹೇಳಲೇಬೇಕು. ಅಲ್ಲಿ ಪರ್ಡ್ಯೂ ಅನ್ನುವ ಕಂಪನಿ 1996ರಲ್ಲಿ ಆಕ್ಸಿಕಾಂಟಿನ್ ಎಂಬ ಗುಳಿಗೆ ಬಿಟ್ಟಿತು. ಇದಕ್ಕೆ ಚಟ ಹಿಡಿಯುವುದು ಕಡಿಮೆ ಅಂತ ಡಾಕ್ಟರುಗಳ ತಲೆಗೆ ತುಂಬಿತು. ಬೆನ್ನು ನೋವಿಗೂ ಮಂಡಿ ನೋವಿಗೂ ತಿಂಗಳುಗಟ್ಟಲೆ ಬರೆಸಿತು. 2007ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡಿತು. ಆಮೇಲೆ ಕಳ್ಳ ಫೆಂಟನಿಲ್ ಬಂತು. 2022 ಒಂದೇ ವರ್ಷ ಅಲ್ಲಿ ಈ ಜಾತಿಯ ವಸ್ತುಗಳಿಂದ ಸತ್ತವರು 80 ಸಾವಿರಕ್ಕೂ ಹೆಚ್ಚು. ಇದು ಲಾಭದ ಕಥೆ. ಗುಳಿಗೆ ಮಾರುವವನಿಗೆ ನೋವು ಎಷ್ಟು ದಿನ ಇದ್ದರೆ ಅಷ್ಟು ದಿನ ಗಿರಾಕಿ. ನಮ್ಮವರೂ ಕಡಿಮೆಯಿಲ್ಲ. ಟ್ಯಾಪೆಂಟಡಾಲ್ ಮತ್ತು ಕ್ಯಾರಿಸೊಪ್ರೊಡಾಲ್ ಬೆರೆಸಿದ, ಎಲ್ಲೂ ಒಪ್ಪಿಗೆಯಿಲ್ಲದ ಮತ್ತಿನ ಗುಳಿಗೆಯನ್ನು ಇಲ್ಲಿಂದ ಪಶ್ಚಿಮ ಆಫ್ರಿಕಾದ ಬಡ ಹುಡುಗರಿಗೆ ಸಾಗಿಸುತ್ತಿದ್ದದ್ದು ಬಯಲಾಗಿ 2025ರ ಫೆಬ್ರುವರಿಯಲ್ಲಿ ಸರ್ಕಾರ ರಫ್ತು ನಿಲ್ಲಿಸಿತು. ಅಲ್ಲಿಯವರೆಗೆ ಆ ಪೆಟ್ಟಿಗೆಗಳನ್ನು ಯಾರು ತಡೆದರು?

ಇದಕ್ಕೆ ಎದುರಾಗಿ ಕೇರಳವನ್ನು ನೋಡಿ. 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು ಕೋಯಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ನೋವಿನ ಚಿಕಿತ್ಸೆಗೆ ಅಂತ ಒಂದು ಸೊಸೈಟಿ ಕಟ್ಟಿದರು. ಅಲ್ಲಿ ಮಾರ್ಫಿನ್ ಗುಳಿಗೆಯನ್ನು ರೋಗಿಯ ಮನೆಗೇ ಕೊಟ್ಟು ಕಳಿಸಿದರು. 1,723 ರೋಗಿಗಳ ಎರಡು ವರ್ಷದ ಲೆಕ್ಕವನ್ನು 2001ರಲ್ಲಿ ಲ್ಯಾನ್ಸೆಟ್‌ನಲ್ಲಿ ಅಚ್ಚು ಹಾಕಿಸಿದರು: ಒಂದು ಗುಳಿಗೆಯೂ ಕಳ್ಳದಾರಿ ಹಿಡಿದದ್ದು ಕಾಣಲಿಲ್ಲ. ಕೂಲಿಯವರ ಗುಡಿಸಲಿಗೆ ಹೋದ ಗುಳಿಗೆ ಅದು. ಆಮೇಲೆ ಮಲಪ್ಪುರಂ ಕಡೆ ಊರಿನ ಜನರೇ, ಮೇಷ್ಟ್ರುಗಳು, ಅಂಗಡಿಯವರು, ಕಾಲೇಜು ಹುಡುಗರು, ತರಬೇತಿ ಪಡೆದು ಮನೆಮನೆಗೆ ಹೋಗಿ ರೋಗಿ ನೋಡತೊಡಗಿದರು. 2008ರಲ್ಲಿ ಕೇರಳ ಸರ್ಕಾರ ಇದನ್ನೇ ನೀತಿ ಮಾಡಿತು. ಪಂಚಾಯಿತಿಗಳು ಹಣ ಇಟ್ಟವು. ನಮ್ಮ ಪಕ್ಕದ ರಾಜ್ಯ ಇದು, ಲಂಡನ್ನಲ್ಲ. ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ; ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ, ಮಾರತ್‌ಹಳ್ಳಿಯ ಕಡೆ ಕರುಣಾಶ್ರಯ ದುಡ್ಡಿಲ್ಲದೆ ಕೊನೆಗಾಲದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುತ್ತೆ. ಆದರೆ ಮಾಗಡಿಯ ಕೇರಿಯಿಂದ ನಾಲ್ಕು ಗಂಟೆಗೊಂದು ಗುಳಿಗೆಗಾಗಿ ಬೆಂಗಳೂರಿಗೆ ಬಸ್ಸು ಹತ್ತಲು ಬರುವುದಿಲ್ಲ. ರಾಮನಗರ, ಚನ್ನಪಟ್ಟಣದ ಪಕ್ಕದಲ್ಲೇ 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ರಸ್ತೆ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಅದರ ಮೇಲೆ ಎಲ್ಲವೂ ಓಡುತ್ತೆ.

ಇನ್ನು ನಮ್ಮವರಿಗೇ ಹೇಳಬೇಕಾದ್ದು ಒಂದಿದೆ, ಅದನ್ನು ಬಿಟ್ಟು ಬರೆದರೆ ಈ ಲೇಖನ ಇನ್ನೊಂದು ಭಾಷಣ. ಎಲ್ಲಾ ನೋವಿಗೂ ಮಾರ್ಫಿನ್ ಅಲ್ಲ. ಮೂರು ತಿಂಗಳು ಮೀರಿ ಉಳಿಯುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಅನ್ನುತ್ತಾರೆ. ಗಾಯ ಮಾಯ್ದರೂ ನರಗಳು ನೋವನ್ನು ಮರೆಯುವುದಿಲ್ಲ. ಗಂಟೆ ಹೊಡೆದಾದ ಮೇಲೂ ಗುಂಯ್‌ಗುಡುವ ಹಾಗೆ. ಕ್ಯಾನ್ಸರಿನ ಕಡು ನೋವಿಗೆ, ಕೊನೆಗಾಲದ ಉಬ್ಬಸಕ್ಕೆ, ದೊಡ್ಡ ಸುಟ್ಟಗಾಯಕ್ಕೆ, ಆಪರೇಷನ್ನಿಗೆ ಮಾರ್ಫಿನ್ ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ 1977ರಲ್ಲಿ ಮಾಡಿದ ಮೊಟ್ಟಮೊದಲ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಅದು ಇದೆ. ಆದರೆ ಕ್ವಾರಿ ಆಳಿನ ಸೊಂಟ ನೋವಿಗೆ, ಮಂಡಿ ಸವೆತಕ್ಕೆ ಅದನ್ನು ವರ್ಷಾನುಗಟ್ಟಲೆ ನುಂಗಿಸಿದರೆ ಗುಣಕ್ಕಿಂತ ದೋಷ ಹೆಚ್ಚು. ಮೈ ಒಗ್ಗಿಕೊಂಡು ಇನ್ನಷ್ಟು ಕೇಳುತ್ತೆ. ಅಮೆರಿಕ ಸುಟ್ಟುಕೊಂಡಿದ್ದು ಇಲ್ಲೇ. ಅಂಥ ನೋವಿಗೆ ಬೇಕಾದ್ದು ವ್ಯಾಯಾಮ ಕಲಿಸುವ ಫಿಸಿಯೋಥೆರಪಿಯವರು, ನರದ ನೋವಿಗೆ ಬೇರೆಯೇ ಗುಳಿಗೆ, ಕೂಲಿ ಕಡಿತವಾಗದ ವಿಶ್ರಾಂತಿ, ಹಗುರ ಕೆಲಸ.

ಈ ಕಡೇ ಎರಡನ್ನು ಯಾವ ಮೆಡಿಕಲ್ ಸ್ಟೋರಿನವನು ಕೊಡುತ್ತಾನೆ? ರಾಮನಗರದ ಫಿಲೇಚರುಗಳಲ್ಲಿ ಹೆಂಗಸರು ದಿನವಿಡೀ ಬಿಸಿನೀರಿನಲ್ಲಿ ಕೈ ಅದ್ದಿ ಗೂಡಿನ ಎಳೆ ಹುಡುಕುತ್ತಾರೆ. ಬೆರಳ ಸಂದಿ ಬಿರಿದು ಉಪ್ಪು ಮುಟ್ಟಲಾಗದೆ ಎಡಗೈಯಲ್ಲಿ ಉಣ್ಣುವವರನ್ನು ಕಂಡಿದ್ದೇನೆ. ಸತ್ತ ಹುಳುವಿನ ನಾತ, ಬಗ್ಗಿ ಬಗ್ಗಿ ಹಿಡಿದ ಸೊಂಟ. ಏಷ್ಯಾದಲ್ಲೇ ದೊಡ್ಡ ಗೂಡಿನ ಮಾರುಕಟ್ಟೆ ಅಂತ ಹೆಮ್ಮೆಯ ಬೋರ್ಡು. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಲೇತಿಗೆ ಕೊಟ್ಟು ಅರಗಿನ ಬಣ್ಣ ಹಿಡಿಸುವವರ ಗೊಂಬೆಗೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ. ಉಳಿ ಒತ್ತಿ ಒತ್ತಿ ಎತ್ತಲಾಗದ ಭುಜಕ್ಕೆ ಯಾವ ಪಟ್ಟವೂ ಇಲ್ಲ. ಕೂಲಿಯನ್ನು ಪೀಸಿನ ಲೆಕ್ಕದಲ್ಲಿ ಕೊಡುವ ಕಡೆ ನೋವು ಅಂದರೆ ಮೊದಲು ಕೂಲಿ ಹೋಗುವುದು, ಆಮೇಲೆ ಆರೋಗ್ಯ. ಅದಕ್ಕೇ ಸೂಜಿ. ಸೂಜಿ ಸಾಲದಿದ್ದರೆ ಕುಡಿತ. 2007ರಲ್ಲಿ ಸಾರಾಯಿ ನಿಷೇಧ ಮಾಡಿದ ಸರ್ಕಾರ ಆಮೇಲೆ ಎಂ.ಎಸ್.ಐ.ಎಲ್. ಹೆಸರಿನಲ್ಲಿ ತಾನೇ ಮದ್ಯದಂಗಡಿ ಇಟ್ಟಿತು. ಮೈ ನೋವಿಗೆ ಅಂತ ಸಂಜೆ ಹಾಕಿಕೊಂಡವನ ಚಟದ ಬಗ್ಗೆ ಯಾವ ಅಬಕಾರಿ ಅಧಿಕಾರಿಗೂ ನಿದ್ದೆಗೆಟ್ಟಿಲ್ಲ, ಅದು ಖಜಾನೆ ತುಂಬಿಸುವ ಚಟ. ಸಾಯುವವಳ ಗುಳಿಗೆಯ ಮೇಲೆ ಮಾತ್ರ ಕಣ್ಗಾವಲು.

ಮಾರ್ಫಿನ್ ಮನೆಗೆ ಬಂದರೆ ಹೇಗಿರಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ. ಹಳ್ಳಿ ಮೇಷ್ಟ್ರುಗಳು ದಯಮಾಡಿ ಇದನ್ನು ಓದಿ ಹೇಳಬೇಕು. ನೋವು ಬಂದಾಗಲಷ್ಟೇ ಅಲ್ಲ, ಡಾಕ್ಟರು ಹೇಳಿದ ಗಂಟೆಗೆ ಸರಿಯಾಗಿ ಕೊಡಬೇಕು. ನೋವಿಗಿಂತ ಒಂದು ಹೆಜ್ಜೆ ಮುಂದಿರಬೇಕು ಅನ್ನುವುದು ಲೆಕ್ಕ. ಮಲಬದ್ಧತೆ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತೆ, ಅದರ ಔಷಧಿ ಮೊದಲ ದಿನದಿಂದಲೇ ಜೊತೆಗಿರಬೇಕು. ಮೊದಲೆರಡು ದಿನ ವಾಕರಿಕೆ, ತೂಕಡಿಕೆ ಬಂದರೆ ಹೆದರಬಾರದು. ಕುಡಿತ ಕೂಡದು, ಡಾಕ್ಟರಿಗೆ ತಿಳಿಸದೆ ನಿದ್ದೆ ಗುಳಿಗೆ ಕೂಡದು. ಪಕ್ಕದ ಮನೆಯವರಿಗೆ ಹಲ್ಲು ನೋವು ಅಂತ ಒಂದು ಗುಳಿಗೆಯನ್ನೂ ಕೊಡಬಾರದು. ಒಬ್ಬರಿಗೆ ಅಳತೆಯಾದದ್ದು ಇನ್ನೊಬ್ಬರ ಉಸಿರು ನಿಲ್ಲಿಸಬಲ್ಲದು. ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಎಷ್ಟು ಕೊಟ್ಟೆವು ಅಂತ ಬರೆದಿಡಬೇಕು. ರೋಗಿ ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ, ಕಣ್ಣ ಪಾಪೆ ಸೂಜಿಮೊನೆಯಷ್ಟಾದರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು; ನಲೋಕ್ಸೋನ್ ಅಂತ ಅದಕ್ಕೆ ಎದುರು ಔಷಧಿ ಇದೆ. ಒಮ್ಮೆಲೇ ನಿಲ್ಲಿಸಬಾರದು, ಇಳಿಸುತ್ತಾ ಬರಬೇಕು. ಮೈ ಒಗ್ಗುವುದು ಬೇರೆ, ಚಟ ಬೇರೆ. ನಿಗಾ ಇದ್ದ ಕಡೆ ಕ್ಯಾನ್ಸರ್ ರೋಗಿಗೆ ಚಟ ಹಿಡಿಯುವುದು ಅಪರೂಪ. ರೋಗಿ ತೀರಿಕೊಂಡ ಮೇಲೆ ಉಳಿದ ಗುಳಿಗೆಯನ್ನು ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸಬೇಕು. ಇಷ್ಟನ್ನು ನಮ್ಮ ಕೇರಿಯ ಓದದ ಹೆಂಗಸು ಮಾಡಲಾರಳಾ? ದೊಡ್ಡವ್ವನ ಸೊಸೆ ಮಾಡಿದಳು. ಅವಳಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಮಗಳು ಸ್ಲೇಟಿನ ಮೇಲೆ ಮುಳ್ಳಿನ ಚಿತ್ರ ಬರೆದುಕೊಟ್ಟಿತ್ತು.

ಬಾಬಾಸಾಹೇಬರ ಪಟವನ್ನು ಎಲ್ಲ ಕೇರಿಯಲ್ಲೂ ಕಟ್ಟಿದ್ದೇವೆ. ನೀಲಿ ಕೋಟು, ಎತ್ತಿದ ಬೆರಳು, ನೆಟ್ಟಗೆ ನಿಂತ ಕಾಲು. 1948ರ ಹೊತ್ತಿಗೆ, ಸಂವಿಧಾನದ ಕರಡು ಕೈಯಲ್ಲಿದ್ದಾಗ, ಆ ಕಾಲುಗಳಲ್ಲಿ ಸಕ್ಕರೆ ಕಾಯಿಲೆಯ ಜೊತೆ ನರದ ನೋವು, ನಿದ್ದೆಯಿಲ್ಲದ ರಾತ್ರಿ. ಡಾಕ್ಟರಾಗಿದ್ದ ಸವಿತಾ ಅವರು ಮದುವೆಯಾಗಿ ಬಂದು ನೋಡಿಕೊಂಡರು. ಆತ ತಡ್ಕೊಂಡು ಕೂರಲಿಲ್ಲ, ಚಿಕಿತ್ಸೆ ತೆಗೆದುಕೊಂಡು ಕೆಲಸ ಮಾಡಿದರು. ವಿಗ್ರಹ ಮಾಡುವವರು ಆ ಕಾಲು ನೋವನ್ನು ಯಾಕೆ ಬಿಟ್ಟರು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಕಾನೂನು ಈಗ ಮೊದಲಿನ ಹಾಗಿಲ್ಲ, ಇದು ಬಹಳ ಡಾಕ್ಟರುಗಳಿಗೂ ಗೊತ್ತಿಲ್ಲ. 2014ರ ಫೆಬ್ರುವರಿಯಲ್ಲಿ ಸಂಸತ್ತು ಎನ್‌ಡಿಪಿಎಸ್ ಕಾಯಿದೆಗೆ ತಿದ್ದುಪಡಿ ತಂದಿತು. ರಾಜಗೋಪಾಲರಂಥವರು ಹತ್ತೊಂಬತ್ತು ಇಪ್ಪತ್ತು ವರ್ಷ ಬಾಗಿಲು ತಟ್ಟಿದ ಮೇಲೆ. 'ಅಗತ್ಯ ಮಾದಕ ಔಷಧಿ' ಅಂತ ಹೊಸ ವರ್ಗ ಮಾಡಿ ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೋಡೀನ್ ಸೇರಿ ಆರು ಔಷಧಿಗಳನ್ನು ಅದರಲ್ಲಿಟ್ಟರು. ನಾಲ್ಕೈದು ಲೈಸೆನ್ಸು ಹೋಯಿತು. ತರಬೇತಿಯಾದ ಒಬ್ಬ ಡಾಕ್ಟರು ಇದ್ದರೆ, ರಾಜ್ಯದ ಔಷಧ ನಿಯಂತ್ರಕರಿಂದ 'ಮಾನ್ಯತೆ ಪಡೆದ ವೈದ್ಯ ಸಂಸ್ಥೆ' ಅಂತ ಒಂದೇ ಒಪ್ಪಿಗೆ ಪಡೆದು ಆಸ್ಪತ್ರೆ ಮಾರ್ಫಿನ್ ಇಟ್ಟುಕೊಳ್ಳಬಹುದು. ಹತ್ತು ವರ್ಷ ದಾಟಿತು. ಕಾನೂನು ತೆರೆದ ಬಾಗಿಲಲ್ಲಿ ಭಯ ಇನ್ನೂ ಅಡ್ಡ ಮಲಗಿದೆ.

2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಒಂದು ಆದೇಶ ಹೊರಡಿಸಿತು. ಗುಣವಾಗುವ ಆಸೆಯಿಲ್ಲದ ರೋಗಿಗೆ ಘನತೆಯಿಂದ ಸಾಯುವ ಹಕ್ಕು, ಸುಪ್ರೀಂ ಕೋರ್ಟಿನ ತೀರ್ಪಿನಂತೆ. ಪತ್ರಿಕೆಗಳು ಹೊಗಳಿದವು, ನಾನೂ ಹೊಗಳುತ್ತೇನೆ. ಆದರೆ ಆ ಆದೇಶ ಮಾತಾಡುವುದು ವೆಂಟಿಲೇಟರ್ ತೆಗೆಯುವ ಬಗ್ಗೆ. ವೆಂಟಿಲೇಟರೇ ನೋಡದೆ ಕೊಟ್ಟಿಗೆಯಲ್ಲಿ ಸಾಯುವವರ ಘನತೆ ನಾಲ್ಕು ಗಂಟೆಗೊಂದು ಗುಳಿಗೆಯಲ್ಲಿದೆ. 2007ರಲ್ಲಿ ರಾಮನಗರವನ್ನು ಜಿಲ್ಲೆ ಮಾಡಿದರು, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಹೆಸರಿಗಾಗಿ ಎಷ್ಟು ಜಗಳ, ಎಷ್ಟು ಮೆರವಣಿಗೆ!

ಊರಿನ ಉಪಕೇಂದ್ರದ ಗೋಡೆಗೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡಿದೆ. ಅಲ್ಲಿ ಸಿಗಬೇಕಾದ ಹನ್ನೆರಡು ಸೇವೆಗಳಲ್ಲಿ ಪ್ಯಾಲಿಯೇಟಿವ್ ಆರೈಕೆಯೂ ಒಂದು, ಅಂದರೆ ವಾಸಿಯಾಗದ ರೋಗಿಯ ನೋವು ನೀಗುವ ಆರೈಕೆ. ಅಲ್ಲಿಗೆ ಹೋಗಿ ಅದು ಯಾವ ದಿನ ಸಿಗುತ್ತೆ ಅಂತ ಕೇಳಿ. ಆಮೇಲೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ಊರಿನ ಸರ್ಕಾರಿ ಆಸ್ಪತ್ರೆಗಳಿಗೆ ಹೋಗಿ. ಒಬ್ಬರೇ ಹೋಗಬೇಡಿ, ಐದಾರು ಜನ ಹೋಗಿ. ಒಬ್ಬ ಮೇಷ್ಟ್ರಿರಲಿ, ಒಬ್ಬ ಆಶಾ ಕಾರ್ಯಕರ್ತೆ ಇರಲಿ, ಒಬ್ಬ ಕ್ವಾರಿ ಆಳಿರಲಿ. ಮೂರು ಪ್ರಶ್ನೆ ಕೇಳಿ. ಈ ಆಸ್ಪತ್ರೆಗೆ ಮಾರ್ಫಿನ್ ಇಟ್ಟುಕೊಳ್ಳುವ ಮಾನ್ಯತೆ ಇದೆಯಾ? ನೋವಿನ ತರಬೇತಿ ಆದ ಡಾಕ್ಟರು ಯಾರು? ಇವತ್ತು ದಾಸ್ತಾನಿನಲ್ಲಿ ಎಷ್ಟು ಗುಳಿಗೆ ಇದೆ? ಬಾಯಲ್ಲಿ ಉತ್ತರ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಬರೆದು ಹತ್ತು ರೂಪಾಯಿ ಕಟ್ಟಿ ರಸೀದಿ ಇಸ್ಕೊಳ್ಳಿ. ಉತ್ತರ ಬಂದ ಕಾಗದವನ್ನು, ಬರದಿದ್ದರೆ ಆ ರಸೀದಿಯನ್ನು, ತಾರೀಖು ಹಾಕಿ ಈ ಪತ್ರಿಕೆಗೆ ಕಳಿಸಿ.